ಮೂವರು ಫಾದರ್‌ಗಳಿಗೆ ಪಾಠ ಹೇಳಿದ ಬ್ರೆಡ್ಡಕ್ಕ

ಭಾನುವಾರ, ಬೆಳಗಿನ ಐದೂಕಾಲು. ಬೇಕರಿಯ ಹಿಂಬಾಗಿಲು ಅರ್ಧ ತೆರೆದಿದೆ. ಒಳಗೆ ಉದ್ದನೆಯ ಮರದ ಮೇಜಿನ ಮುಂದೆ ಐವತ್ತೆಂಟರ ಹೆಂಗಸೊಬ್ಬರು ನಿಂತು ಬನ್ನು ಉಂಡೆ ಕಟ್ಟುತ್ತಿದ್ದಾರೆ. ಎರಡು ಅಂಗೈ ಕೆಳಗೆ ಎರಡು ಹಿಟ್ಟಿನ ತುಂಡು; ಒಂದೇ ಸಲ ಸುತ್ತಿಸಿದರೆ ಎರಡೂ ದುಂಡಗಾಗಿ ಟ್ರೇಗೆ ಹಾರುತ್ತವೆ. ನಿಮಿಷಕ್ಕೆ ಇಪ್ಪತ್ತೆಂಟು. ಕಣ್ಣು ಮಾತ್ರ ಹಿಟ್ಟಿನ ಮೇಲಿಲ್ಲ. ಎದುರಿನ ಕಪಾಟಿಗೆ ಅಂಟಿಸಿದ ಒಂದು ಹಾಳೆಯ ಮೇಲಿದೆ. ಅದರಲ್ಲಿ ಇವತ್ತು ಚರ್ಚಿನ ಪೂಜೆಯಲ್ಲಿ ಓದುವ ಶುಭಸಂದೇಶದ ಪಾಠವಿದೆ: ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡ ಕಥೆ.

ಟ್ರೇ ತುಂಬಿತು. ಹಿಟ್ಟು ಉಬ್ಬಲು ಇನ್ನು ನಲವತ್ತು ನಿಮಿಷ ಬೇಕು. ಅವರು ಕೈಯನ್ನು ಏಪ್ರನ್ನಿಗೆ ಒರೆಸಿ, ಕಿಟಕಿಯ ಗಾಜಿನೆದುರು ನಿಂತು, ಅದರಲ್ಲಿ ಕಾಣುವ ತಮ್ಮದೇ ಬಿಂಬಕ್ಕೆ ಕೈಸನ್ನೆಯಲ್ಲಿ ಆ ಕಥೆ ಹೇಳಲು ಶುರುಮಾಡುತ್ತಾರೆ. ಕುರಿ. ಬೆಟ್ಟ. ಹುಡುಕಾಟ. ಹೆಗಲು. ಮಧ್ಯದಲ್ಲಿ ತಡೆದು, ತಲೆಯಾಡಿಸಿ, ಮತ್ತೆ ಮೊದಲಿನಿಂದ.

"ಕುರಿ ಕಳೆದುಹೋಯ್ತು ಅನ್ನೋದು ಸುಲಭ," ಎನ್ನುತ್ತಾರೆ ಅವರು. "ಆದ್ರೆ ಕಳೆದುಹೋಗಿದೀನಿ ಅಂತ ಕುರಿಗೆ ಗೊತ್ತಿತ್ತಾ ಅಂತ ನಮ್ಮೋರು ಕೇಳ್ತಾರೆ. ಅವರ ಕೈಲಿ ಸಿಕ್ಕಿಹಾಕ್ಕೊಂಡ್ರೆ ಬಿಡೋ ಪೈಕಿ ಅಲ್ಲ. ಉತ್ತರ ರೆಡಿ ಇಟ್ಕೊಂಡೇ ಹೋಗ್ಬೇಕು."

ಅವರನ್ನು ಎಲ್ಲರೂ ಬ್ರೆಡ್ಡಕ್ಕ ಎಂದೇ ಕರೆಯುತ್ತಾರೆ. ದಿನಕ್ಕೆ ಇನ್ನೂರ ನಲವತ್ತು ಬ್ರೆಡ್ಡು, ಒಂಬೈನೂರ ಅರವತ್ತು ಬನ್ನು ಅವರ ಕೈ ದಾಟಿ ಭಟ್ಟಿಗೆ ಹೋಗುತ್ತವೆ. ಇಪ್ಪತ್ತಾರು ವರ್ಷದಿಂದ ಇದೇ ಮೇಜು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಭಟ್ಟಿ ಬಾಗಿಲಿನ ಸುಟ್ಟ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಎಂಟಕ್ಕೆ ಇಲ್ಲಿಂದ ಬಿಡುಗಡೆ. ಒಂಬತ್ತರ ಪೂಜೆಗೆ ಚರ್ಚಿನ ಎಡಬದಿಯ ಕಂಬದ ಪಕ್ಕ ನಿಂತು, ಫಾದರ್ ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳುತ್ತಾರೆ. ಮುಂದಿನ ಎರಡು ಸಾಲು ಬೆಂಚಿನಲ್ಲಿ ಹದಿನಾಲ್ಕು ಜನ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿರುತ್ತಾರೆ. ಆ ಹದಿನಾಲ್ಕು ಜನರಿಗೂ ಕಿವಿ ಕೇಳಿಸುವುದಿಲ್ಲ. ಪೂಜೆ ಮುಗಿದ ಮೇಲೆ ಅವರಿಗೆ ಒಂದೂವರೆ ಗಂಟೆ ಧರ್ಮೋಪದೇಶದ ತರಗತಿ.

ಇದಕ್ಕೆ ಅವರಿಗೆ ಸಂಬಳವಿಲ್ಲ, ಹುದ್ದೆಯ ಹೆಸರೂ ಇಲ್ಲ. ಓದಿದ್ದು ಏಳನೇ ಕ್ಲಾಸು.

ಹನ್ನೊಂದು ವರ್ಷದ ಹಿಂದೆ ಬ್ರೆಡ್ಡಕ್ಕನಿಗೆ ಸನ್ನೆ ಭಾಷೆಯ ಗಂಧಗಾಳಿಯೂ ಇರಲಿಲ್ಲ. ಭಾನುವಾರ ಚಿಕ್ಕ ಮಕ್ಕಳಿಗೆ ಪ್ರಾರ್ಥನೆ ಕಲಿಸಿ, ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಏಸುವಿನ ದೇಹವೆಂದು ಪೂಜೆಯಲ್ಲಿ ಕೊಡುವ ರೊಟ್ಟಿಯನ್ನು ಮೊದಲ ಸಲ ಪಡೆಯಲು, ತಯಾರು ಮಾಡುವುದಷ್ಟೇ ಅವರ ಕೆಲಸವಾಗಿತ್ತು. ಆಗ ಚರ್ಚಿನ ಕಸ ಗುಡಿಸುತ್ತಿದ್ದ ಮುದುಕಿಯೊಬ್ಬರು ಕಾಯಿಲೆ ಬಿದ್ದರು. ಬ್ರೆಡ್ಡಕ್ಕ ನೋಡಲು ಹೋದರು. ಮುದುಕಿಗೆ ಒಬ್ಬನೇ ಮಗ, ವೆಲ್ಡರ್, ಹುಟ್ಟಿನಿಂದಲೇ ಕಿವಿ ಕೇಳದವನು. ತಾಯಿಯ ಕಾಲ ಬಳಿ ಕೂತಿದ್ದ.

"ಆ ತಾಯಿ ನನ್ನ ಕೈ ಹಿಡ್ಕೊಂಡು ಹೇಳಿದ್ದು ಇವತ್ತಿಗೂ ಹಾಗೇ ಇದೆ," ಎನ್ನುತ್ತಾರೆ ಬ್ರೆಡ್ಡಕ್ಕ. "'ಮೂವತ್ನಾಲ್ಕು ವರ್ಷ ಪೂಜೇಲಿ ನನ್ನ ಪಕ್ಕ ಕೂತ ಕಣಮ್ಮ. ನಾನು ಎದ್ರೆ ಎದ್ದ, ನಾನು ಮಂಡಿ ಊರಿದ್ರೆ ಊರಿದ. ನಾನು ಹೋದ್ಮೇಲೆ ಇವ್ನು ಯಾರನ್ನ ನೋಡಿ ಏಳ್ತಾನೆ?' ಅಂದ್ರು. ಇನ್ನೇನು ಹೇಳೋದು, ನಾನಿದೀನಿ ಬಿಡಿ ಅಂದ್ಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಆಡಿದ ಮೇಲೆ ನಡೆಸ್ಬೇಕಲ್ಲ."

ತಾಯಿಯನ್ನು ಮಣ್ಣು ಮಾಡಿದ ಮುಂದಿನ ಭಾನುವಾರ ವೆಲ್ಡರ್ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತ. ಎಲ್ಲರೂ ಎದ್ದು ನಿಂತ ಮೇಲೆ ಅವನು ಏಳುತ್ತಿದ್ದ, ಎಲ್ಲರೂ ಕೂತ ಮೇಲೂ ನಿಂತೇ ಇರುತ್ತಿದ್ದ. ಹಿಂದೆ ಯಾರೋ ಕಿಸಕ್ಕೆಂದರು. ಅವನಿಗೆ ಕೇಳಿಸಲಿಲ್ಲ, ಆದರೆ ಪಕ್ಕದವರು ತಿರುಗಿದ್ದು ಕಾಣಿಸಿತು. ಅದರ ಮುಂದಿನ ವಾರ ಅವನು ಬರಲಿಲ್ಲ. ಇನ್ನೆರಡು ವಾರವೂ ಬರಲಿಲ್ಲ.

ಬ್ರೆಡ್ಡಕ್ಕ ಒಂದು ಪೊಟ್ಟಣ ಬನ್ನು ಹಿಡಿದು ಅವನ ವೆಲ್ಡಿಂಗ್ ಶೆಡ್ಡಿಗೆ ಹೋದರು. ತಮಗೆ ತೋಚಿದಂತೆ ಕೈ ಬೀಸಿದರು. ಅವನು ನಕ್ಕುಬಿಟ್ಟ. ಅವರು ಬಿಡಲಿಲ್ಲ. ಮರುದಿನವೂ ಹೋದರು. ದಿನಕ್ಕೆ ಹತ್ತು ಸನ್ನೆ ಅವನು ಕಲಿಸಬೇಕು, ಅಷ್ಟಕ್ಕೆ ನಾಲ್ಕು ಬನ್ನು. ಹಾಗೊಂದು ಒಪ್ಪಂದ ಮಾತೇ ಇಲ್ಲದೆ ಆಯಿತು. ಚಿಕ್ಕವನಿದ್ದಾಗ ಅವನು ನಾಲ್ಕು ವರ್ಷ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿದ್ದ. ಅಲ್ಲಿ ಅಕ್ಷರ ಅಷ್ಟಾಗಿ ಹತ್ತದಿದ್ದರೂ ಸನ್ನೆ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬಂದಿತ್ತು.

ಐದು ತಿಂಗಳಾದ ಮೇಲೆ ಒಂದು ಸಂಜೆ ಬ್ರೆಡ್ಡಕ್ಕ ಅವನಿಗೆ ಏಸುವಿನ ಕಥೆ ಹೇಳತೊಡಗಿದರು. ಅವನಿಗೆ ಅಲ್ಪಸ್ವಲ್ಪ ಗೊತ್ತಿರುತ್ತದೆ ಎಂದುಕೊಂಡಿದ್ದರು. ಶಿಲುಬೆಯವರೆಗೆ ಬಂದಾಗ ಅವನು, ಗೊತ್ತು ಗೊತ್ತು ಎಂದು ಕೈಯಾಡಿಸಿದ. ಒಳ್ಳೆಯ ಮನುಷ್ಯ, ಬಡಗಿ, ಮೊಳೆ ಹೊಡೆದು ಸಾಯಿಸಿದರು, ಮುಗಿಯಿತು. ಚರ್ಚಿನಲ್ಲಿ ಎದುರಿಗೇ ತೂಗುಹಾಕಿದ್ದಾರಲ್ಲ, ಅವನಿಗಾಗಿ ಎಲ್ಲರೂ ವಾರವಾರ ಬಂದು ದುಃಖಪಡುತ್ತಾರೆ.

"ಇಲ್ಲ ತಮ್ಮಾ, ಮುಗೀಲಿಲ್ಲ ಅಂದೆ. ಮೂರನೇ ದಿನ ಎದ್ದ ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ. ನನ್ನ ಸನ್ನೆ ತಪ್ಪಾಯ್ತೇನೋ ಅಂತ ಅಲ್ಲೇ ನೆಲದ ಮೇಲೆ ಮಲಗಿ, ಎದ್ದು ತೋರಿಸ್ದೆ. ಸೀರೆಯೆಲ್ಲ ಕಬ್ಬಿಣದ ಪುಡಿ. ಅವನು ಮಷೀನ್ ಸ್ವಿಚ್ ಆರಿಸಿದ. ಕನ್ನಡಕ ತೆಗೆದ. 'ಇನ್ನೊಂದ್ಸಲ ಹೇಳು' ಅಂದ. ಹೇಳ್ದೆ. 'ನಮ್ಮಮ್ಮಂಗೆ ಗೊತ್ತಿತ್ತಾ?' ಅಂದ. ಗೊತ್ತಿತ್ತು ಅಂದೆ. ಅವನು ಅಲ್ಲೇ ಕಬ್ಬಿಣದ ರಾಶಿ ಮೇಲೆ ಕೂತ್ಕೊಂಡು ತುಂಬಾ ಹೊತ್ತು ಅತ್ತ."

ಇದನ್ನು ಹೇಳುವಾಗ ಬ್ರೆಡ್ಡಕ್ಕನ ದನಿ ಗಟ್ಟಿಯಾಗುತ್ತದೆ. "ಮೂವತ್ನಾಲ್ಕು ವರ್ಷ ಮೊದಲ ಬೆಂಚಿಗೆ ಬಂದು ಕೂತವನಿಗೆ ಅರ್ಧ ಕಥೆ ಹೇಳಿ ಕಳಿಸಿದೀವಿ ನಾವೆಲ್ಲ. ಅವತ್ತು ನನಗೆ ಬಂದಿದ್ದು ಅಳು ಅಲ್ಲ, ಸಿಟ್ಟು. ನನ್ನ ಮೇಲೇ."

ಹಾಗೆ ಶುರುವಾದ ಪಾಠ ಹದಿನಾಲ್ಕು ತಿಂಗಳು ನಡೆಯಿತು. ವೆಲ್ಡರ್‌ಗೆ ಪರಮಪ್ರಸಾದ ಸಿಕ್ಕಿರಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಕೇಳಿದಾಗ, ತಿಳುವಳಿಕೆ ಬರಲಿ, ಆಮೇಲೆ ನೋಡೋಣ ಎಂದು ಚರ್ಚಿನವರು ಹೇಳಿದ್ದರಂತೆ. ಆ 'ಆಮೇಲೆ' ಬರಲೇ ಇಲ್ಲ. ಈಗ ಅವನಿಗೆ ಎಲ್ಲವೂ ತಿಳಿದಿತ್ತು. ಆದರೆ ಅದಕ್ಕೂ ಮೊದಲು ಪಾಪನಿವೇದನೆ ಆಗಬೇಕು. ತನ್ನ ತಪ್ಪುಗಳನ್ನು ಗುರುಗಳಿಗೆ ಹೇಳಿಕೊಳ್ಳಬೇಕು, ಅವರು ದೇವರ ಹೆಸರಿನಲ್ಲಿ ಕ್ಷಮೆ ಕೊಡಬೇಕು. ಇವನಿಗೆ ಬಾಯಿ ಬಾರದು, ಫಾದರ್‌ಗೆ ಕೈ ಬಾರದು.

ಚರ್ಚಿನ ಸಮಿತಿಯ ಹಿರಿಯರೊಬ್ಬರು ಸುಲಭದ ದಾರಿ ತೋರಿಸಿದರು. "ಬ್ರೆಡ್ಡಕ್ಕ, ನೀವೇ ಪಕ್ಕದಲ್ಲಿ ಕೂತು ಹೇಳಿಬಿಡಿ. ನಿಯಮದಲ್ಲಿ ಅವಕಾಶ ಇದೆ. ನೀವೇನು ಊರೆಲ್ಲ ಡಂಗುರ ಹೊಡೀತೀರಾ?"

ಬ್ರೆಡ್ಡಕ್ಕ ಆಗಲಿ ಎಂದೇ ಒಪ್ಪಿಕೊಂಡರು. ಶೆಡ್ಡಿಗೆ ಹೋಗಿ ವೆಲ್ಡರ್‌ಗೆ ತಿಳಿಸಿದರು. ಅವನು ಕೈಗವಸು ಕಳಚಿಟ್ಟು ಕೈಯಲ್ಲಿ ಹೇಳಿದ: "ನೀನು ನನ್ನ ಅಕ್ಕ. ನಾಳೆ ಬೆಳಗ್ಗೆ ಬನ್ನು ತಗೊಂಡು ಬರ್ತೀಯ. ನಾನು ನಿನ್ನ ಮುಖ ನೋಡಬೇಕು."

ಅಷ್ಟೇ. ಬ್ರೆಡ್ಡಕ್ಕ ಸೀದಾ ಫಾದರ್ ಮನೆಗೆ ನಡೆದರು.

"ಕಿವಿ ಇರೋ ನಾವು ಪಾಪನಿವೇದನೆ ಗೂಡಲ್ಲಿ ಜಾಲರಿ ಹಿಂದೆ ಮುಖ ಮರೆಮಾಡ್ಕೊಂಡು ಪಿಸುಪಿಸು ಅಂತೀವಿ. ಅವನು ಮಾತ್ರ ಅಕ್ಕನ ಮುಂದೆ ಎಲ್ಲ ಬಿಚ್ಚಿಡಬೇಕಾ? ಅವನ ಪಾಪ ಕಟ್ಕೊಂಡು ನನಗೇನಾಗ್ಬೇಕು? ನಂದೇ ಬೇಕಾದಷ್ಟಿದೆ. ಫಾದರ್ ಕಲೀಲಿ ಅಂದೆ."

ಆಗಿದ್ದ ಹಿರಿಯ ಫಾದರ್‌ಗೆ ಅರವತ್ತೆಂಟು ವರ್ಷ. ಬೆರಳಿನ ಗಂಟುಗಳೆಲ್ಲ ಬಾತುಕೊಂಡು, ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಕಷ್ಟ. "ಅಮ್ಮಾ, ಈ ವಯಸ್ಸಿನಲ್ಲಿ, ಈ ಬೆರಳಿನಲ್ಲಿ ನನ್ನಿಂದಾಗುತ್ತಾ?" ಎಂದರು. "ಹಿಟ್ಟು ಎಷ್ಟೇ ಗಟ್ಟಿ ಇರ್ಲಿ ಫಾದರ್, ನಾದಿದ್ರೆ ಮೆತ್ತಗಾಗುತ್ತೆ," ಎಂದರು ಬ್ರೆಡ್ಡಕ್ಕ. ಮುದುಕರಿಗೆ ನಗು ತಡೆಯಲಾಗಲಿಲ್ಲ. ಮರುದಿನ ಸಂಜೆಯಿಂದಲೇ ಅವರ ಊಟದ ಮೇಜಿನ ಮೇಲೆ ಪಾಠ ಶುರು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ, ನಾಲ್ಕು ತಿಂಗಳು. ಸಿಟ್ಟು, ಸುಳ್ಳು, ಕದಿಯುವುದು, ಕುಡಿಯುವುದು, ಅಸೂಯೆ, ನಾಚಿಕೆ, ಎಷ್ಟು ಸಲ, ಯಾವಾಗ, ಯಾಕೆ. ಮನುಷ್ಯನ ತಪ್ಪುಗಳಿಗೆಲ್ಲ ಸೇರಿ ಇನ್ನೂರ ಹನ್ನೆರಡು ಸನ್ನೆ ಸಾಕಾಯಿತಂತೆ.

ಕೊನೆಯ ಪರೀಕ್ಷೆಗೆ ವೆಲ್ಡರ್‌ನನ್ನೇ ಕರೆಸಿದರು. ದೇವರು ನಿನ್ನ ಪಾಪ ಕ್ಷಮಿಸಿದ್ದಾನೆ ಎನ್ನಲು ಹೋಗಿ ಫಾದರ್, ದೇವರು ನಿನ್ನನ್ನು ಒರೆಸಿ ಹಾಕಿದ್ದಾನೆ ಎಂದುಬಿಟ್ಟರು. ವೆಲ್ಡರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಫಾದರ್ ಮುಖ ಕೆಂಪಾಯಿತು. ಮತ್ತೆ ಒಂದು ವಾರ ಅದೊಂದೇ ವಾಕ್ಯ.

ಆ ದಿನ ಬಂತು. ಜಾಲರಿಯ ಗೂಡಿನಲ್ಲಿ ಕೈ ಕಾಣುವುದಿಲ್ಲವಾದ್ದರಿಂದ, ಪೂಜೆಯ ವಸ್ತ್ರಗಳನ್ನು ಇಡುವ ಕೋಣೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದರು. ಆ ಕೋಣೆಯ ಬಾಗಿಲಿಗೆ ಗಾಜು. ಸನ್ನೆ ಭಾಷೆಯಲ್ಲಿ ನೋಡುವುದೆಂದರೆ ಕೇಳುವುದೇ. ಯಾರಾದರೂ ಹಾದುಹೋಗುವಾಗ ಕಣ್ಣು ಹಾಯಿಸಿದರೂ ಕದ್ದು ಕೇಳಿದಂತೆ. ಬ್ರೆಡ್ಡಕ್ಕ ಬೇಕರಿಯಿಂದ ತಂದ ಮೈದಾ ಚೀಲವನ್ನು ಬಿಚ್ಚಿ ಗಾಜಿಗೆ ಕಟ್ಟಿದರು. ಅಷ್ಟಕ್ಕೂ ಸಮಾಧಾನವಾಗದೆ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಇಪ್ಪತ್ತೈದು ನಿಮಿಷ. ಒಳಗಿನಿಂದ ಒಮ್ಮೆ ಕುರ್ಚಿ ಸರಿದ ಸದ್ದು, ಇನ್ನೊಮ್ಮೆ ಫಾದರ್ ಮೂಗೊರೆಸಿಕೊಂಡ ಸದ್ದು.

"ಹೊರಗೆ ಬಂದ ತಮ್ಮ ನನ್ನ ಕಡೆ ನೋಡ್ದ. ಆರಾಮಾಗಿ, ನೆಟ್ಟಗೆ ನೋಡ್ದ. ಏನು ಹೇಳ್ದ ಅಂತ ನನಗೆ ಅವತ್ತೂ ಗೊತ್ತಿಲ್ಲ, ಇವತ್ತೂ ಗೊತ್ತಿಲ್ಲ," ಎನ್ನುತ್ತಾರೆ ಬ್ರೆಡ್ಡಕ್ಕ.

ಸುದ್ದಿ ಕಿವಿಯಿಂದ ಕಿವಿಗೆ ಹಬ್ಬುತ್ತದೆ ಎನ್ನುತ್ತೇವೆ. ಇದು ಕೈಯಿಂದ ಕೈಗೆ ಹಬ್ಬಿತು. ಬಸ್ ನಿಲ್ದಾಣದ ಮೂಲೆಯಲ್ಲಿ ಸಂಜೆ ಸೇರುವ ಕಿವಿ ಕೇಳದವರ ಗುಂಪಿಗೆ ವೆಲ್ಡರ್ ಹೇಳಿದ: ಅಲ್ಲೊಬ್ಬರು ಫಾದರ್‌ಗೆ ನಮ್ಮ ಭಾಷೆ ಬರುತ್ತದೆ. ಮುಂದಿನ ತಿಂಗಳು ಮೂವರು ಬಂದರು, ವರ್ಷ ತುಂಬುವಷ್ಟರಲ್ಲಿ ಒಂಬತ್ತು. ಎರಡು ಬಸ್ ಬದಲಿಸಿ ಬರುವವರೂ ಇದ್ದಾರೆ. ಪೇಪರ್ ಮಾರುವ ಅಜ್ಜಿಯೊಬ್ಬರು ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಪರಮಪ್ರಸಾದ ಪಡೆದರು. ಹೀಗೆ ಬಂದವರಲ್ಲೇ ಒಬ್ಬಳು, ಬಟ್ಟೆ ಹೊಲಿಯುವ ಹುಡುಗಿ, ವೆಲ್ಡರ್‌ನ ಕೈ ಹಿಡಿದಳು. ಮದುವೆಗೆ ಬ್ರೆಡ್ಡಕ್ಕನೇ ಗಂಡಿನ ಕಡೆಯ ಹಿರಿಯರು.

ಎಲ್ಲವೂ ಸುಸೂತ್ರವಾಯಿತು ಎನ್ನುವಾಗಲೇ ಹಿರಿಯ ಫಾದರ್‌ಗೆ ವರ್ಗವಾಯಿತು. ಇನ್ನೂರ ಹನ್ನೆರಡು ಸನ್ನೆಯನ್ನೂ ಅವರು ತಮ್ಮ ಜೊತೆಗೇ ಒಯ್ದರು. ಬಂದ ಎರಡನೆಯವರು ಎತ್ತರದ ಆಳು, ಮೋಟಾರ್ ಸೈಕಲ್ಲಿನಿಂದ ಇಳಿಯುವ ಮೊದಲೇ ಮುಂದಿನ ಕೆಲಸಕ್ಕೆ ಹೊರಡುವ ಸ್ವಭಾವ. ಸಭಾಂಗಣದ ರಿಪೇರಿ ಎಂದು ತರಗತಿಯನ್ನು ಸೈಕಲ್ ನಿಲ್ಲಿಸುವ ಶೆಡ್ಡಿಗೆ ಹಾಕಿದರು. ಸನ್ನೆ ಕಲಿಯಲು ನನಗೆಲ್ಲಿದೆ ಸಮಯ, ಗೋಡೆ ಮೇಲೆ ಅಕ್ಷರ ಮೂಡಿಸುವ ಯಂತ್ರ ತರಿಸೋಣ ಎಂದರು. ಆ ಹೊತ್ತಿಗೆ ಸೇರಿದ್ದ ಹದಿಮೂರು ಜನರಲ್ಲಿ ಎಂಟು ಜನಕ್ಕೆ ಓದಲು ಬಾರದು ಎಂದು ಬ್ರೆಡ್ಡಕ್ಕ ಹೇಳಿದರೆ, ಆಮೇಲೆ ಮಾತಾಡೋಣ ಎಂದರು. ಬ್ರೆಡ್ಡಕ್ಕನಿಗೆ ಆ 'ಆಮೇಲೆ'ಯ ಪರಿಚಯವಿತ್ತು.

ಇದೇ ಹೊತ್ತಿಗೆ ಪೂಜೆಗೆ ಬರುವವರಲ್ಲೂ ಗೊಣಗಾಟ ಎದ್ದಿತು. ಪೀಠದ ಹತ್ತಿರ ಹೀಗೆ ಕೈಯಾಡಿಸುತ್ತಿದ್ದರೆ ಗಮನವೆಲ್ಲ ಅತ್ತಲೇ ಹೋಗುತ್ತದೆ, ನಾವು ಪೂಜೆ ನೋಡೋದಾ, ಇವರ ಕೈ ನೋಡೋದಾ ಎಂದು ಒಬ್ಬ ಹೆಂಗಸು ಬಾಗಿಲಲ್ಲೇ ತಡೆದು ಕೇಳಿದರು. "ನಿಮಗೆ ಕಿವಿ ಇದೆಯಲ್ಲಮ್ಮ, ಕಣ್ಮುಚ್ಚಿ ಪ್ರಾರ್ಥನೆ ಮಾಡಿ," ಎಂದು ಬ್ರೆಡ್ಡಕ್ಕ ಮುಂದೆ ನಡೆದರು.

ಫಾದರ್ ಮನೆಗೆ ಬೇಕರಿಯಿಂದ ದಿನಾ ಒಂದು ಬ್ರೆಡ್ಡು ಹೋಗುತ್ತದೆ. ಬ್ರೆಡ್ಡಕ್ಕ ಅದನ್ನು ಸುತ್ತುವ ಕಾಗದದ ಮೇಲೆ ದಿನಕ್ಕೊಂದು ಸನ್ನೆಯ ಚಿತ್ರ ಬರೆದು, ಕೆಳಗೆ ಅರ್ಥ ಬರೆದು ಕಳಿಸತೊಡಗಿದರು. ಚಿತ್ರ ಬರೆಯಲು ಬಾರದು. ಬೆರಳುಗಳು ಮೂಲಂಗಿಯ ಹಾಗಿರುತ್ತಿದ್ದವು. ಮೊದಲ ದಿನ 'ನಮಸ್ಕಾರ'. ಎರಡನೇ ದಿನ 'ಹೇಗಿದ್ದೀರಿ'. ಮೂರು ವಾರ ಆ ಕಡೆಯಿಂದ ಉಸಿರೇ ಇಲ್ಲ. ಅಡುಗೆಯವರು ಕಾಗದವನ್ನು ಒಲೆಗೆ ಹಾಕುತ್ತಿದ್ದಾರೇನೋ ಎಂಬ ಅನುಮಾನ ಬಂತು. ಬ್ರೆಡ್ಡಕ್ಕ ಇಪ್ಪತ್ತೆರಡನೇ ದಿನ 'ಕಾಯುವುದು' ಎಂಬ ಸನ್ನೆ ಬರೆದರು. ಇಪ್ಪತ್ಮೂರನೇ ದಿನ, 'ಇನ್ನೂ'.

ಮರುದಿನ ಬೆಳಗ್ಗೆ ಮೋಟಾರ್ ಸೈಕಲ್ಲು ಬೇಕರಿಯ ಹಿಂಬಾಗಿಲಲ್ಲಿ ನಿಂತಿತು. ಎತ್ತರದ ಫಾದರ್ ಹೆಲ್ಮೆಟ್ ತೆಗೆಯದೆ ಒಳಬಂದು, ಬಹಳ ಗಂಭೀರವಾಗಿ ಕೈಯೆತ್ತಿ ಒಂದು ಸನ್ನೆ ಮಾಡಿದರು. ಅವರು ಹೇಳಬೇಕೆಂದಿದ್ದದ್ದು 'ತಪ್ಪಾಯಿತು' ಎಂದು. ಆಗಿದ್ದು 'ಹಸಿವಾಗಿದೆ' ಎಂದು. ಬ್ರೆಡ್ಡಕ್ಕ ಬಿಸಿ ಬನ್ನು ಕೊಟ್ಟರು. ಆ ಫಾದರ್ ಸುಮಾರು ಏಳು ವರ್ಷ ಇದ್ದರು. ಕೊನೆಕೊನೆಗೆ ಉಪದೇಶದ ನಡುವೆ ಅವರೇ ಕೈಯಲ್ಲಿ ಜೋಕು ಹೇಳಿ, ಮೊದಲೆರಡು ಸಾಲನ್ನು ಮಾತ್ರ ನಗಿಸಿ, ಮಿಕ್ಕವರು ಮುಖ ಮುಖ ನೋಡಿಕೊಳ್ಳುವಂತೆ ಮಾಡುತ್ತಿದ್ದರು.

ಈಗ ಮೂರನೆಯವರು ಬಂದು ಮೂರು ತಿಂಗಳಾಗಿದೆ. ಮೂವತ್ತೊಂದು ವರ್ಷದ ಸಂಕೋಚದ ಹುಡುಗ. ಅರವತ್ಮೂರು ಸನ್ನೆ ಮುಗಿಸಿದ್ದಾರೆ. "ಇವರು ಬೇಗ ಕಲೀತಾರೆ, ಆದ್ರೆ ಕೈಯಲ್ಲೂ ಪಿಸುಗುಡ್ತಾರೆ. ಜೋರಾಗಿ ಮಾತಾಡಿ ಫಾದರ್ ಅಂತೀನಿ," ಎನ್ನುತ್ತಾರೆ ಬ್ರೆಡ್ಡಕ್ಕ.

ಹತ್ತೂವರೆ. ತರಗತಿ ಈಗ ಮತ್ತೆ ಸಭಾಂಗಣದ ಪಕ್ಕದ ಕೋಣೆಯಲ್ಲಿ. ಬೆಂಚುಗಳು ಸಾಲಾಗಿಲ್ಲ, ದುಂಡಗಿವೆ. ಒಬ್ಬರ ಕೈ ಒಬ್ಬರಿಗೆ ಕಾಣಬೇಕಲ್ಲ. ಗಮನ ಸೆಳೆಯಲು ಬ್ರೆಡ್ಡಕ್ಕ ದೀಪವನ್ನು ಎರಡು ಸಲ ಆರಿಸಿ ಹಚ್ಚುತ್ತಾರೆ. ಕುರಿಯ ಕಥೆ ಶುರುವಾಗುತ್ತದೆ. ನಿರೀಕ್ಷಿಸಿದ ಪ್ರಶ್ನೆ ಬರುವುದೇ ಇಲ್ಲ. ಬದಲಿಗೆ ಪೇಪರ್ ಅಜ್ಜಿ ಎದ್ದು ಕೇಳುತ್ತಾರೆ: ಕುರುಬ ಕೂಗಿದರೆ ಕುರಿಗೆ ಕೇಳಿಸುತ್ತೆ, ಕುರಿಗೆ ನನ್ನ ಥರ ಕಿವಿ ಇಲ್ಲದಿದ್ದರೆ? ಬ್ರೆಡ್ಡಕ್ಕ ಕೈಯೆತ್ತುವಷ್ಟರಲ್ಲಿ ವೆಲ್ಡರ್ ಬೆಂಚು ಕುಟ್ಟಿ ಎಲ್ಲರನ್ನೂ ತನ್ನ ಕಡೆ ತಿರುಗಿಸಿಕೊಂಡು ಉತ್ತರ ಕೊಡುತ್ತಾನೆ: "ಹಾಗಾದ್ರೆ ಕುರುಬ ಕೂಗಲ್ಲ. ಕಣ್ಣಿಗೆ ಕಾಣೋವರೆಗೂ ನಡೀತಾನೆ." ಹದಿನಾಲ್ಕು ಜೊತೆ ಕೈಗಳು ಗಾಳಿಯಲ್ಲಿ ಅಲ್ಲಾಡುತ್ತವೆ. ಅದು ಅವರ ಚಪ್ಪಾಳೆ.

ಆಮೇಲೆ ಚಹಾ, ನಿನ್ನೆಯ ಬನ್ನು. ಪಾಠಕ್ಕಿಂತ ಇದೇ ಉದ್ದ. ವಾರವಿಡೀ ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಸ್ವಂತ ಮನೆಯಲ್ಲಿ ಯಾರೊಂದಿಗೂ ನಾಲ್ಕು ಮಾತಿಲ್ಲದೆ ಕಳೆದವರು ಇಲ್ಲಿ ಒಟ್ಟಿಗೇ ಮಾತಾಡುತ್ತಾರೆ, ಜಗಳವಾಡುತ್ತಾರೆ, ಅತ್ತೆಯ ಮೇಲೆ ದೂರು ಹೇಳುತ್ತಾರೆ. ಒಂದು ವಾರ ಯಾರಾದರೂ ಬರದಿದ್ದರೆ ಸಂಜೆಯೊಳಗೆ ಇಬ್ಬರು ಅವರ ಮನೆ ಬಾಗಿಲಲ್ಲಿರಬೇಕು ಎಂಬುದು ಇಲ್ಲಿಯ ಕಟ್ಟಳೆ. ಕಳೆದ ವರ್ಷ ಹಾಗೆ ಹೋಗಿದ್ದರಿಂದಲೇ, ಸ್ನಾನದ ಕೋಣೆಯಲ್ಲಿ ಬಿದ್ದು ಎರಡು ದಿನ ಯಾರನ್ನೂ ಕೂಗಲಾರದೆ ಒದ್ದಾಡುತ್ತಿದ್ದ ಪೇಪರ್ ಅಜ್ಜಿ ಉಳಿದುಕೊಂಡರು.

ಆರು ತಿಂಗಳಿಂದ ಬ್ರೆಡ್ಡಕ್ಕನ ಎರಡೂ ಮಣಿಕಟ್ಟು ನೋಯುತ್ತಿವೆ. ಬೆಳಗ್ಗೆ ಎದ್ದಾಗ ಹಲ್ಲುಜ್ಜುವ ಬ್ರಷ್ ಹಿಡಿಯಲಾಗುವುದಿಲ್ಲ. ಡಾಕ್ಟರು, ಹಿಟ್ಟು ಅಥವಾ ಸನ್ನೆ, ಎರಡರಲ್ಲಿ ಒಂದು ಬಿಡಿ ಎಂದಿದ್ದಾರೆ. ಸೈಕಲ್ ರಿಪೇರಿ ಅಂಗಡಿ ನಡೆಸುವ ಅವರ ಯಜಮಾನರು ಮಾತ್ರ, "ಕೈಗೆ ರೆಸ್ಟ್ ಕೊಡು ಅಂದ್ರು ಡಾಕ್ಟ್ರು. ಬಾಯಿಗೆ ಅಂದಿದ್ರೆ ನನಗೂ ಉಪಕಾರ ಆಗ್ತಿತ್ತು," ಎಂದು ನಗಿಸುತ್ತಾರೆ. ಹಾಗೆಂದರೂ ರಾತ್ರಿ ಊಟವಾದ ಮೇಲೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹೆಂಡತಿಯ ಮಣಿಕಟ್ಟಿಗೆ ಕಟ್ಟುವವರೂ ಅವರೇ.

ಬ್ರೆಡ್ಡಕ್ಕ ಎರಡನ್ನೂ ಬಿಟ್ಟಿಲ್ಲ. ಆದರೆ ತಮ್ಮ ನಂತರದವರನ್ನು ತಯಾರು ಮಾಡುತ್ತಿದ್ದಾರೆ. ಚಿಕ್ಕ ಮಕ್ಕಳ ಪಾಠವನ್ನು ಈಗ ವೆಲ್ಡರ್‌ನ ಹೆಂಡತಿಯೇ ನಡೆಸುತ್ತಾಳೆ. ಕಿವಿ ಕೇಳುವ ಮಕ್ಕಳೂ ಅವಳ ಸನ್ನೆಯ ಕಥೆಗೆ ಮುಗಿಬೀಳುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬ್ರೆಡ್ಡಕ್ಕ ಚಹಾ ಲೋಟಗಳನ್ನು ಜೋಡಿಸುತ್ತಲೇ ಹೇಳುತ್ತಾರೆ.

"ಒಂದಿದೆ. ಪೂಜೇಲಿ ಬೈಬಲ್ಲಿನ ಮೊದಲ ವಾಚನ ನಮ್ಮ ಹುಡುಗಿ, ವೆಲ್ಡರ್ ಹೆಂಡತಿ, ಮೇಲೆ ನಿಂತು ಕೈಯಲ್ಲಿ ಓದ್ಬೇಕು. ಅವಳು ಓದಿ ಮುಗಿಸಿದ ಮೇಲೆ ಬೇರೆ ಯಾರಾದ್ರೂ ಬಾಯಲ್ಲಿ ಹೇಳ್ಲಿ. ಅಲ್ಲೀವರೆಗೆ ಕಿವಿ ಇರೋರು ಎರಡು ನಿಮಿಷ ಏನೂ ತಿಳೀದೆ ಸುಮ್ನೆ ಕೂತು ಕಾಯ್ಲಿ."

ಫಾದರ್ ಏನಂದರು?

"ಯೋಚನೆ ಮಾಡೋಣ ಅಂದಿದಾರೆ," ಎಂದು ಬ್ರೆಡ್ಡಕ್ಕ ಕೊನೆಯ ಲೋಟ ಕವುಚಿ ಹಾಕುತ್ತಾರೆ. "ಮಾಡ್ಲಿ. ನಾನೆಲ್ಲಿ ಹೋಗ್ತೀನಿ?"